ಹಿಸನೊ ಸೂಜಿಯ ಮಾನ

ಹಿಸನೊಗೆ ಆರನೇ ವಯಸ್ಸಿನಲ್ಲೇ ಕಣ್ಣು ಹೋಗಿತ್ತು. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿಯೇ ಬಂದವರು ಯಾರೆಂದು ಹೇಳಿಬಿಡುತ್ತಿದ್ದಳು. ಅಂಧರ ಶಾಲೆಯಲ್ಲಿ ಸೌತೆಕಾಯಿಗೆ ಸೂಜಿ ಚುಚ್ಚಿ ಚುಚ್ಚಿ ಕಲಿತ ಸೂಜಿಚಿಕಿತ್ಸೆಯ ವಿದ್ಯೆ ಅವಳದು. ಕೂದಲೆಳೆಯಂಥ ಸೂಜಿಯನ್ನು ಪುಟ್ಟ ಕೊಳವೆಗೆ ಇಳಿಸಿ, ಮೇಲೆ ಉಳಿದ ತುದಿಯನ್ನು ಬೆರಳಿನಿಂದ ಟಕ್ಕೆಂದು ತಟ್ಟಿದರೆ ಮುಗಿಯಿತು, ಚುಚ್ಚಿದ್ದೇ ಗೊತ್ತಾಗದು. ನಲವತ್ತು ವರ್ಷದಿಂದ ಊರವರ ಸೊಂಟ, ಮಂಡಿ, ಮೂಗುಗಳೆಲ್ಲ ಅವಳಿಗೆ ಪರಿಚಯ. ಗುರುಗಳೆಂದು ಎಲ್ಲರೂ ಅವಳನ್ನು ‘ಸೆನ್ಸೇ’ ಎನ್ನುತ್ತಿದ್ದರು.

ಮೂಗಿನ ಕಾಲ ಶುರುವಾಗುವುದು ಫೆಬ್ರವರಿಯಲ್ಲಿ. ಗುಡ್ಡದ ಸುಗಿ ಮರಗಳು ಹಳದಿ ಹುಡಿ ಉದುರಿಸತೊಡಗಿದರೆ ಊರಿಗೆ ಊರೇ ಸೀನುತ್ತದೆ. ಆ ವರ್ಷ ಮೊದಲು ಬಂದವನು ಕುರಮೋಚಿ. ಆ ಮರಗಳನ್ನು ನೆಟ್ಟವನು ಅವನಪ್ಪ, ಕಡಿದು ಮಾರುವವನು ಅವನು, ಎಲ್ಲರಿಗಿಂತ ಜೋರಾಗಿ ಸೀನುವವನೂ ಅವನೇ.

“ಮಾರ್ಚ್ ಇಪ್ಪತ್ತಕ್ಕೆ ಮಗನ ಮದ್ವೆ, ಸೆನ್ಸೇ. ಊಟ ಆದ್ಮೇಲೆ ವರನ ಅಪ್ಪಾನೇ ಎದ್ದು ನಿಂತು ಎಲ್ರಿಗೂ ವಂದನೆ ಹೇಳ್ಬೇಕಲ್ಲ. ಸೀನ್ಕೊಂಡು ಹೇಳೋದು ಹೇಗೆ?”

“ದೋಮೊತೊ ಅಂಗಡೀಲಿ ಬೇಕಾದಷ್ಟು ಮಾತ್ರೆ ಇದೆಯಲ್ಲ.”

“ತಗೊಂಡಿದ್ದೆ, ಬೀಗರು ನಿಶ್ಚಯಕ್ಕೆ ಬಂದ ದಿನ. ಬೀಗಿತಿ ಮಾತಾಡ್ತಿರೋವಾಗ್ಲೇ ಗೊರಕೆ ಹೊಡೆದ್ಬಿಟ್ಟೆ.”

ಹಿಸನೊ ಸೂಜಿಡಬ್ಬಿ ಕೆಳಗಿಟ್ಟು ಸಾಕಾಗುವಷ್ಟು ನಕ್ಕಳು. ಆಮೇಲೆ ವಾರಕ್ಕೆರಡು ಸಲ ಮೂಗಿನ ಇಬ್ಬದಿ, ಹುಬ್ಬಿನ ನಡು, ಹೆಬ್ಬೆರಳ ಸಂದು ಎಲ್ಲ ಕಡೆ ಸೂಜಿ ಹಾಕಿದಳು. ಮೂರನೇ ವಾರಕ್ಕೆ ಸೀನು ನಿಂತಿತು. ಅವನ ಉಸಿರು ಮೂಗಿನಲ್ಲಿ ಸಲೀಸಾಗಿ ಆಡುವುದನ್ನು ಕೇಳಿ ಹಿಸನೊಗೆ ಹಿಗ್ಗೋ ಹಿಗ್ಗು.

ಔಷಧಿ ಅಂಗಡಿಯ ದೋಮೊತೊ ಸುಮ್ಮನಿರುವ ಆಸಾಮಿಯೇ? “ಮದ್ವೆ ದಿನ ನೋಡೋಣ, ಸೂಜಿ ಗೆಲ್ಲುತ್ತೋ ಸುಗಿ ಗೆಲ್ಲುತ್ತೋ” ಎಂದು ಊರೆಲ್ಲ ಸಾರಿಕೊಂಡು ಬಂದ. ಹಿಸನೊಗೆ ಅಳುಕು ಹುಟ್ಟಿತು. ನಲವತ್ತು ವರ್ಷದ ಹೆಸರು ಈಗ ಒಬ್ಬನ ಮೂಗನ್ನು ನಂಬಿ ನಿಂತಿತ್ತು.

ಮದುವೆಯ ದಿನ ಗುಡ್ಡದ ಕಡೆಯಿಂದಲೇ ಗಾಳಿ. ಹಿಸನೊ ಕುಳಿತದ್ದೂ ದೋಮೊತೊನ ಪಕ್ಕದಲ್ಲೇ. ಕುರಮೋಚಿ ಮೈಕು ಹಿಡಿದು ಚೆನ್ನಾಗಿಯೇ ಶುರುಮಾಡಿದ. “ನನ್ನ ಮಗ...” ಎಂದವನು ತಟ್ಟನೆ ನಿಂತ. ಮೂಗೆಳೆದುಕೊಂಡ ಸದ್ದು ಸಭೆಗೆಲ್ಲ ಕೇಳಿತು.

“ಕಣ್ಣು, ಮೂಗು ಎರಡೂ ಸುರೀತಿವೆ, ಸೆನ್ಸೇ,” ದೋಮೊತೊ ಕಿವಿಯಲ್ಲಿ ಉಸುರಿದ. “ಸುಗಿ ಗೆಲ್ತು.”

“ಪಾಪ, ಸುಗಿ ಕಾಟ” ಎಂದು ಬೀಗರೂ ಮರುಗಿದರು. ಆ ಊರಿನ ಗಂಡಸರು ಅತ್ತರೆ ಮಾರ್ಚಿನಲ್ಲೇ ಅಳುವುದು, ಕೇಳಿದರೆ ಸುಗಿ ಎನ್ನುವುದು. ಹೆಂಡತಿ ತೀರಿಕೊಂಡ ದಿನವೂ ಕಲ್ಲಿನಂತೆ ನಿಂತಿದ್ದ ಕುರಮೋಚಿ ಈಗ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು, ಅವನ ಮಾನ ಉಳಿಯುತ್ತಿತ್ತು.

“ಸುಗಿ ಅಲ್ಲ,” ಮೈಕಿನಲ್ಲಿ ಅವನ ದನಿ ಬಂತು. “ಹಿಸನೊ ಸೆನ್ಸೇ ಸೂಜಿ ಹಾಕಿದ್ಮೇಲೆ ಹದಿನೈದು ದಿನದಿಂದ ಒಂದು ಸೀನೂ ಬಂದಿಲ್ಲ. ನಾನು ಅಳ್ತಿದೀನಿ. ಇವನಮ್ಮ ಇರ್ಬೇಕಿತ್ತು ಅನ್ನಿಸ್ತು, ಅಷ್ಟೆ.”

ಆಮೇಲೆ ಬಿದ್ದ ಚಪ್ಪಾಳೆಗೆ ಮೇಜಿನ ಮೇಲಿನ ಲೋಟಗಳು ಕಿಣಿಗುಟ್ಟಿದವು. ದೋಮೊತೊ ಪಕ್ಕಕ್ಕೆ ತಿರುಗಿ, ಮೆಲ್ಲಗೆ ತನ್ನ ಕರವಸ್ತ್ರವನ್ನು ಹಿಸನೊಳ ಕೈಗಿಟ್ಟ.

“ಏನ್ ಸೆನ್ಸೇ, ನೀವೂನಾ?”

“ನಂದು ಸುಗಿ ಕಣಯ್ಯಾ,” ಎಂದಳು ಹಿಸನೊ, ಮೂಗು ಸೀಟಿಕೊಂಡು. “ನಂಗೆ ಸೂಜಿ ಹಾಕೋರು ಯಾರಿದಾರೆ?”