ಟೇಲರ್ ಮಾಮನ ಬಿಸಿ ಸೂಜಿ

ಕಳೆದ ವಾರ ಕಾರವಾರದ ಮನೆಯಲ್ಲಿ ಅರ್ಧ ಒಣಗಿದ ಹತ್ತಿ ಸೀರೆಗೆ ಇಸ್ತ್ರಿಪೆಟ್ಟಿಗೆ ಇಟ್ಟೆ. ಭುಸ್ಸೆಂದು ಆವಿ ಎದ್ದಿತು. ಒದ್ದೆ ಬಟ್ಟೆ ಕಾದ ಆ ವಾಸನೆಗೆ ಟೇಲರ್ ಮಾಮ ನೆನಪಾದರು... ನಾವು ಮೊದಲಿದ್ದ ಭಾವಿಕೇರಿಯಲ್ಲಿ ನಮ್ಮ ಪಕ್ಕದ ಮನೆಯವರು, ಅಂಕೋಲೆ ಪೇಟೆಯಲ್ಲಿ ಅಂಗಡಿ. ಯಾವುದನ್ನು ಕಂಡರೂ ಬಿಚ್ಚಿ ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ನನ್ನ ಹೊಸ ಮಿಕ್ಸರನ್ನೂ ಬಿಚ್ಚಿದ್ದರು. ಮತ್ತೆ ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದಿತ್ತು.

ಅವರ ಶ್ವಾಸಕೋಶದಲ್ಲಿ ಸಣ್ಣದೊಂದು ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಹೃದಯ ದುರ್ಬಲ, ಆಪರೇಷನ್ ತಡೆಯುವುದಿಲ್ಲ ಎಂದರು ಊರ ಕಡೆಯ ಡಾಕ್ಟರು. ಅವರ ಹೆಂಡತಿ, ನಮ್ಮ ಮಾಮಿ, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವವರಲ್ಲ. ಹಾಗಾಗಿ ಮಂಗಳೂರಿಗೆ ಜೊತೆಯಲ್ಲಿ ಹೋದವಳು ನಾನು. ಅಲ್ಲಿನ ಡಾಕ್ಟರು ಬೇರೆ ದಾರಿ ಹೇಳಿದರು. ಸ್ಕ್ಯಾನಿನಲ್ಲಿ ನೋಡುತ್ತ ಪಕ್ಕೆಲುಬುಗಳ ನಡುವಿನಿಂದ ಗಡ್ಡೆಯವರೆಗೆ ತೆಳ್ಳಗಿನ ಸೂಜಿ ಇಳಿಸಿ, ಅದರ ತುದಿಯನ್ನು ಕಾಯಿಸಿ ಗಡ್ಡೆಯನ್ನು ಸುಡುವುದು. ಗಡ್ಡೆ ಚಿಕ್ಕದಿರುವಾಗಲೇ ಆಗಬೇಕು. ನಾನು ಕೇಳುತ್ತಲೇ ಹಿಂದೆ ಸರಿದೆ. ಮಾಮ ಮಾತ್ರ ಕುರ್ಚಿ ಮುಂದೆಳೆದುಕೊಂಡು ಕೂತರು.

"ಹಂಗಾರೆ ಒಳಗೇ ಇಸ್ತ್ರಿ ಹಾಕೂದು ಹೇಳು ತಂಗೀ!" ಎಂದರು ನನಗೆ. ಸೂಜಿ ತೋರಿಸಿ ಎಂದು ಡಾಕ್ಟರನ್ನು ಕಾಡಿ ತರಿಸಿದರು. "ದಾರ ಪೋಣಿಸೂಕೆ ತೂತೇ ಇಲ್ವಲ!"

ಊರಿಗೆ ಬಂದ ಮೇಲೆ ಗಂಡ ಹೆಂಡತಿ ಕೂಡಿ ಯೋಚಿಸಿದರು. ನಮ್ಮ ಕಡೆ ಯಾವುದಕ್ಕೂ ಉಷ್ಣ, ತಂಪು ಎಂಬ ಲೆಕ್ಕವಿದೆಯಲ್ಲ. ಒಳಗೆ ಅಷ್ಟು ಬಿಸಿ ಹೋಗುವುದಾದರೆ ಮೊದಲೇ ಮೈ ತಂಪು ಮಾಡಿಡಬೇಕು! ಬೆಳಿಗ್ಗೆ ಎಳನೀರು, ಮಧ್ಯಾಹ್ನ ಕುಡಿಯಲು ತಣ್ಣನೆಯ ಕೋಕಂ ಕಡಿ, ಸಂಜೆ ಮಜ್ಜಿಗೆ, ತಲೆಗೆ ಎಣ್ಣೆ ತಟ್ಟಿ ತಣ್ಣೀರ ಸ್ನಾನ. ಹೋಗುವ ದಿನ ಬರುವಷ್ಟರಲ್ಲಿ ಮಾಮನಿಗೆ ನೆಗಡಿ ಹಿಡಿದು ಎದೆ ಒಡೆಯುವ ಕೆಮ್ಮು.

"ಸೂಜಿ ಒಳಗಿದ್ದಾಗ ಕೆಮ್ಮಿದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ವಾಸಿಯಾದ ಮೇಲೆ ಬನ್ನಿ," ಎಂದು ಡಾಕ್ಟರು ವಾಪಸು ಕಳಿಸಿದರು.

ರೈಲಿನುದ್ದಕ್ಕೂ ಮಾಮ ಕೆಮ್ಮುತ್ತಲೇ ಬಂದರು. ಇದು ವಾಸಿಯಾಗುವಷ್ಟರೊಳಗೆ ಗಡ್ಡೆ ಬೆಳೆದುಬಿಟ್ಟರೆ... ಆ ಭಯ ನಮ್ಮೆಲ್ಲರಿಗೂ ಇತ್ತು, ಬಾಯಿಬಿಟ್ಟು ಹೇಳಿದವರು ಮಾಮಿ ಒಬ್ಬರೇ. "ನನ್ ಕೈಯಾರೆ ಕೆಡ್ಸಿದೆ ಮಾರಾಯ್ತೀ," ಎಂದು ಕಾಳುಮೆಣಸಿನ ಕಷಾಯ ಕುದಿಸುತ್ತ ಅತ್ತರು.

ಕೆಮ್ಮು ಬಿಟ್ಟ ಮೇಲೆ ಮತ್ತೆ ಹೋದೆವು. ಪುಣ್ಯಕ್ಕೆ ಗಡ್ಡೆ ಸೂಜಿ ಸುಡಬಲ್ಲ ಅಳತೆ ಮೀರಿರಲಿಲ್ಲ. ಎಲ್ಲ ಮುಗಿಸಿ ಹೊರಗೆ ತಂದಾಗ ಮಾಮ ಮಂಪರಿನಲ್ಲೇ ಕೇಳಿದ್ದು, "ಶುರು ಯಾವಾಗ ಮಾಡ್ತಾರೆ?" ಆಗಿಹೋಯಿತು ಎಂದೆ. ನಿದ್ದೆಯ ಮದ್ದು ಕೊಟ್ಟಿದ್ದಕ್ಕೆ ಸಿಟ್ಟೇ ಬಂತು ಅವರಿಗೆ. "ಇಷ್ಟು ದೂರ ಬಂದು ನೋಡೂದೇ ತಪ್ಪೋಯ್ತಲೇ!" ನಾನು ನಕ್ಕೆ, ಹಾಗೇ ಕಣ್ಣೂ ತುಂಬಿತು.

ಆಮೇಲಿನ ಸ್ಕ್ಯಾನುಗಳಲ್ಲಿ ಆ ಜಾಗದಲ್ಲಿ ಬರೀ ಸುಟ್ಟ ಕಲೆ. ರವಿಕೆ ಹೊಲಿಸಲು ಬಂದವರಿಗೆಲ್ಲ ಆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದರಂತೆ.

ಹೋದ ವರ್ಷ ಒಂದು ಬೆಳಿಗ್ಗೆ, ಅಂಗಡಿಯಲ್ಲೇ, ಆ ದುರ್ಬಲ ಹೃದಯ ನಿಂತುಹೋಯಿತು. ಅವರನ್ನು ಒಯ್ದದ್ದು ಗಡ್ಡೆಯಲ್ಲ. ಮಾಮ ಇದ್ದಿದ್ದರೆ ಇದನ್ನೇ ಗೆಲುವು ಎಂದು ಪೇಟೆಯೆಲ್ಲ ಹೇಳಿಕೊಂಡು ಬರುತ್ತಿದ್ದರು. ನನಗೆ ಮಾತ್ರ ಆ ಗೆಲುವು ಇನ್ನೂ ಸಾಲುತ್ತಿಲ್ಲ.