ಕಾಲಿಗೆ ಕಟ್ಟಿದ ಮುದ್ದೇಮಾಲು

ಜಂಗಲ್ ಖಾತೆಯ ಗಾರ್ಡರನ್ನು ಕಂಡು ಓಡಿದ ನಾನು ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿ ಬಿದ್ದೆ. ಮೊಳಕಾಲಿನ ಕೆಳಗೆ ಎಲುಬು ಮುರಿದ ಸಪ್ಪಳ ನನಗೇ ಕೇಳಿಸಿತು. ಅದು ಮುಂಬೈ ಸರಕಾರದ ಕಾಲ, ಸವದತ್ತಿ ಹತ್ತಿರದ ಗುಡ್ಡ. ಕದ್ದು ಕಡಿದ ಹಸಿ ಕಟ್ಟಿಗೆಯ ಹೊರೆ ಪಕ್ಕದಲ್ಲೇ ಬಿದ್ದಿತ್ತು.

ಗಾರ್ಡರು ಬೈಯಲಿಲ್ಲ. ಬಂಡೆ ಸರಿಸಿ ಕಾಲು ಬಿಡಿಸಿದರು. ನನ್ನ ಹೊರೆಯಿಂದಲೇ ಎರಡು ನೆಟ್ಟನೆಯ ಕಟ್ಟಿಗೆ ಎಳೆದು ಕಾಲಿನ ಎರಡೂ ಬದಿಗಿಟ್ಟು, ತಮ್ಮ ರುಮಾಲು ಹರಿದು ಬಿಗಿದರು. ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿ, ಮನೆಯಲ್ಲಿ ಮಲಗಿಸಿ, ಅಲ್ಲೇ ಕಟ್ಟೆಯ ಮೇಲೆ ಕೂತು ಕೇಸು ಬರೆದರು.

“ಕಾಲು ಮುರದದ್ದು ಬ್ಯಾರೆ, ಕಟಗಿ ಕಡದದ್ದು ಬ್ಯಾರೆ ತಂಗೆವ್ವ. ಕಾಲಿಗೆ ಕಟ್ಟಿದ ಇವೆರಡೂ ಕಟಗಿ ಮುದ್ದೇಮಾಲು, ಕಳವಿನ ಸಾಕ್ಷಿ, ಕೇಸಿಗೆ ಬೇಕು. ಕಾಲು ಕೂಡಿದ ಮ್ಯಾಲ ಚೌಕಿಗೆ ತಂದು ಕೊಡು.”

ಎಲುಬು ಕೂಡಿಸುವವರೂ ಅವೇ ಕಟ್ಟಿಗೆ ಇಟ್ಟು ಕಟ್ಟಿದರು. ಕಟ್ಟು ಬಿಚ್ಚಿದ ಮೇಲೆ, ಒಲೆಗೆ ಉರುವಲು ಇಲ್ಲದ ದಿನವೂ ಅತ್ತೆ ಅವನ್ನು ಮುಟ್ಟಲಿಲ್ಲ.

ಚೌಕಿಗೆ ಒಯ್ದು ಕೊಟ್ಟೆ. ಗಾರ್ಡರು ಜಪ್ತಿ ಮಾಡಿ ಮೂಲೆಯಲ್ಲಿಟ್ಟಿದ್ದ ನನ್ನ ಹೊರೆ ಬಿಚ್ಚಿ, ಎರಡನ್ನೂ ಅದರಲ್ಲಿ ಸೇರಿಸಿ, ಮತ್ತೆ ಹಗ್ಗ ಬಿಗಿದರು. ಆಮೇಲೆ ನನ್ನ ಕಡೆ ತಿರುಗಿ, “ಈಗ ಬಾಗಲತನಕ ನಡದು ತೋರಸು” ಎಂದರು. ನಡೆದು ತೋರಿಸಿದೆ.

ಕೇಸಿನಲ್ಲಿ ನನಗೆ ದಂಡವಾಯಿತು. “ಹೆಣ್ಣಮಗಳು ಅಂತ ಬಿಟ್ಟುಬಿಡಬೇಕಿತ್ತು” ಎಂದು ಓಣಿಯವರೆಲ್ಲ ಅವರನ್ನು ಬೈದರು. ನಾನು ಬೈಯಲಿಲ್ಲ. ಬಿಡುವವರಾಗಿದ್ದರೆ ಗುಡ್ಡದ ಮೇಲೆಯೇ ಬಿಟ್ಟು ಬರುತ್ತಿದ್ದರು.