ಸರಸಮ್ಮ ಮುಟ್ಟದ ಸಹಿ

ಬೆಳಗಿನ ಆರು ಗಂಟೆ. ಜರ್ಮನಿಯ ಕಲೋನ್ ನಗರದಂಚಿನ ವೃದ್ಧಾಶ್ರಮದ ಎರಡನೇ ಮಹಡಿಯಲ್ಲಿ ಇನ್ನೂ ಕತ್ತಲು ಕರಗಿಲ್ಲ. ಡೊರೊಥಿ ಎಂಬ ಅಮೆರಿಕದ ಅಜ್ಜಿಯ ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿ, ಮಡಚಿಕೊಂಡ ಬೆರಳುಗಳನ್ನು ಸರಸಮ್ಮ ಒಂದೊಂದಾಗಿ ಬಿಡಿಸುತ್ತಾರೆ. ಒರೆಸಿ, ಪೆನ್ನು ಕೊಟ್ಟು, ತಮ್ಮೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಜ್ಜಿಯ ಹೆಸರು ನಡುಗುತ್ತ ಮೂಡುತ್ತದೆ. ಅದರ ಜೊತೆಗೇ ಸರಸಮ್ಮನ ಬಾಯಲ್ಲಿ, ಬಾಲ್ಯದಲ್ಲಿ ಅಪ್ಪ ಓದಿ ಹೇಳಿದ ಷಟ್ಪದಿಯೊಂದು ಮೆಲ್ಲಗೆ ನಡೆಯುತ್ತದೆ.

"ಹಾಡು ನಿಲ್ಲಿಸಬೇಡ. ನೀನು ನಿಲ್ಲಿಸಿದರೆ ಪೆನ್ನೂ ಮುಷ್ಕರ ಹೂಡುತ್ತೆ," ಎಂದು ಡೊರೊಥಿ ಇಂಗ್ಲಿಷಿನಲ್ಲಿ ಗದರುತ್ತಾರೆ.

ಮೈಸೂರಿನ ಸರಸಮ್ಮ ದಾದಿಯಾಗಿ ಇಲ್ಲಿಗೆ ಬಂದು ಇಪ್ಪತ್ತಮೂರು ವರ್ಷ. ಎಂಟು ಗಂಟೆಯೊಳಗೆ ಏಳು ಜನರ ಮೈ ಒರೆಸಿ, ಬಟ್ಟೆ ತೊಡಿಸಿ, ಗುಳಿಗೆ ನುಂಗಿಸಬೇಕು. ಈ ಬರವಣಿಗೆಗೆ ಹದಿನೈದು ನಿಮಿಷ ಹೊಂದಿಸಲು ಅವರು ಬೆಳಗಿನ ಕಾಫಿಯನ್ನೇ ಬಿಟ್ಟಿದ್ದಾರೆ.

ಡೊರೊಥಿ ಜರ್ಮನಿಯವರೊಬ್ಬರನ್ನು ಮದುವೆಯಾಗಿ ಬಂದವರು. ಗಂಡನಿಲ್ಲ, ಮಕ್ಕಳಿಲ್ಲ. ಉಳಿದಿರುವುದು ಅಮೆರಿಕದಲ್ಲಿ ತಾವು ಹುಟ್ಟಿದ ರಾಜ್ಯಕ್ಕೆ ಅಂಚೆಯಲ್ಲಿ ಕಳಿಸುವ ಮತ. ಅಲ್ಲಿನ ಅಧ್ಯಕ್ಷರ ಚುನಾವಣೆಗೆ ಇನ್ನು ನಾಲ್ಕೇ ವಾರ. ಆ ರಾಜ್ಯದ ಫಲಿತಾಂಶ ಕೂದಲೆಳೆಯ ಅಂತರದಲ್ಲಿದೆ ಎಂದು ಟೀವಿ ದಿನವೂ ಹೇಳುತ್ತದೆ. ಹೋದ ಸಲದ ಚುನಾವಣೆಯ ಹೊತ್ತಿಗೆ ಅವರಿಗೆ ಲಕ್ವ ಹೊಡೆದ ಹೊಸತು. ಸಹಿ ಹಾಕುವಾಗ ಸರಸಮ್ಮ ಮಣಿಕಟ್ಟು ಹಿಡಿದರು. ದಾಖಲೆಯಲ್ಲಿದ್ದ ಸಹಿಗೆ ಹೊಂದುವುದಿಲ್ಲವೆಂದು ಮತ ತಿರಸ್ಕೃತವಾಯಿತು.

"ಊಟಕ್ಕೆ, ನಡಿಗೆಗೆ, ಎಲ್ಲಕ್ಕೂ ಕೈ ಹಿಡಿದೂ ಹಿಡಿದೂ ಅಭ್ಯಾಸ ಆಗೋಗಿದೆ ಕಣ್ರೀ. ಸಹಿಗೂ ಹಿಡಿದುಬಿಟ್ಟೆ. ಅವರು ಒಂದು ಮಾತು ಬೈಲಿಲ್ಲ. ಬೈದಿದ್ರೆ ವಾಸಿಯಿತ್ತು," ಎನ್ನುತ್ತಾರೆ ಸರಸಮ್ಮ.

ಜೊತೆಯ ದಾದಿ ಸಂಜನಾ ಕೆಣಕುತ್ತಾರೆ: "ಅಕ್ಕಾ, ನಿಮ್ಗೆ ಇಲ್ಲಿ ಓಟಿಲ್ಲ, ಎಲೆಕ್ಷನ್‌ಗೆ ಅಂತ ಊರಿಗೂ ಹೋಗಲ್ಲ. ಅಮೆರಿಕದ ಉಸಾಬರಿ ಯಾಕೆ?"

"ಕೆಡಿಸಿದ್ದು ನಾನು ಕಣೇ. ಸರಿ ಮಾಡೋಕೆ ಇನ್ಯಾರು ಬರ್ತಾರೆ?"

ಮರುವಾರ ಡೊರೊಥಿ ಯಾರ ಆಸರೆಯೂ ಇಲ್ಲದೆ ಮತಪತ್ರದ ಲಕೋಟೆಯ ಮೇಲೆ ಸಹಿ ಹಾಕುತ್ತಾರೆ. ಸರಸಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತಿರುತ್ತಾರೆ. ಲಕೋಟೆ ಅಂಚೆಗೆ ಬೀಳುತ್ತದೆ. ಮತದಾನಕ್ಕೆ ಆರು ದಿನ ಇರುವಾಗ ಆ ರಾಜ್ಯದ ಚುನಾವಣಾ ಕಚೇರಿಯಿಂದ ಈಮೇಲ್ ಬರುತ್ತದೆ: ಲಕೋಟೆ ತಲುಪಿದೆ, ಸಹಿ ಹೊಂದಿದೆ. ಆ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿ ಡೊರೊಥಿಗೆ ಮಾತು ನಿಂತಿದೆ. ಸರಸಮ್ಮ ಅದನ್ನು ಕಿವಿಯ ಬಳಿ ಎರಡು ಸಲ ಓದುತ್ತಾರೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ನಗುತ್ತಾರೆ. ಮಾರನೆಯ ಬೆಳಗ್ಗೆ ಉಸಿರಿಲ್ಲ.

ಮತದಾನದ ದಿನಕ್ಕೆ ಮೊದಲೇ ತೀರಿಕೊಂಡವರ ಮತವನ್ನು ಆ ರಾಜ್ಯ ಎಣಿಸುವುದಿಲ್ಲ. ಮತಪತ್ರದ ಜೊತೆ ಬಂದ ಸೂಚನೆಯಲ್ಲಿ ಈ ಸಾಲನ್ನು ಸರಸಮ್ಮ ಮೊದಲೇ ಓದಿದ್ದರು. ಅಜ್ಜಿಗೆ ಹೇಳಿರಲಿಲ್ಲ.

ಹಾಸಿಗೆಯ ಬಟ್ಟೆ ಬದಲಿಸುತ್ತ, ದಿಂಬು ತಟ್ಟುತ್ತ ಅವರು ಹೇಳುತ್ತಾರೆ: "ಲೆಕ್ಕಕ್ಕೆ ಸೇರಲ್ಲ, ಗೊತ್ತು. ಆದ್ರೆ ಆ ಸಹೀಲಿ ಈ ಸಲ ಒಂದು ಗೀಟೂ ನಂದಲ್ಲ."